ಕಾಳಿಯಲ್ಲಿ ಬಿಟ್ಟ ದೋಣಿ ಕಾರವಾರ ಮುಟ್ಟೀತೆ?

ಕಳೆದ ಬೇಸಿಗೆಯಲ್ಲಿ ಹಳಿಯಾಳದ ಮಕ್ಕಳ ಶಿಬಿರವೊಂದಕ್ಕೆ ಮೂರು ದಿನದ ಮಟ್ಟಿಗೆ ಕತೆ ಓದಿ ಹೇಳಲು ಹೋಗಿದ್ದೆ. ಉತ್ತರ ಕನ್ನಡದ ನದಿ ಮತ್ತು ಕಾಡುಗಳ ಆಧುನಿಕ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಸೂಪಾ ಜಲಾಶಯದ ಕುರಿತ ಅಧ್ಯಾಯ ತಿಂಗಳುಗಟ್ಟಲೆ ಒಂದೇ ಕಡೆ ನಿಂತುಬಿಟ್ಟಿತ್ತು. ಮೂರು ದಿನ ಕಡತಗಳಿಂದ ತಪ್ಪಿಸಿಕೊಂಡರೆ ಸಾಕೆಂದು ಹೊರಟವಳ ಚೀಲದಲ್ಲಿ ಧಾರವಾಡದ ಗೆಳತಿಯೊಬ್ಬಳು ಕೊಟ್ಟ ಹಳೆಯ ಚಿತ್ರಪುಸ್ತಕವೊಂದಿತ್ತು. ಶಿಬಿರದಲ್ಲಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕಿನ ಮಕ್ಕಳಿದ್ದರು. ಮೊದಲ ದಿನವೇ ಅದನ್ನು ತೆಗೆದು, ಚಿತ್ರ ತೋರಿಸುತ್ತ, ಪುಟ ಪುಟವನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಅರ್ಧಕ್ಕೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಅಕ್ಕಾ, ನಮ್ ಕಾಳಿ ನದ್ಯಾಗ ಹಿಂಗ ಒಂದ್ ದೋಣಿ ಬಿಟ್ರ ಕಾರವಾರಕ್ಕ ಮುಟ್ತೈತೇನ್ರೀ?"

ನಾಲ್ಕು ವರ್ಷದಿಂದ ಕಾಳಿಯ ಬಗ್ಗೆ ಓದುತ್ತಿರುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ.

ಪುಸ್ತಕದ ಹೆಸರು ‘ಪ್ಯಾಡಲ್-ಟು-ದ-ಸೀ’. ಸಮುದ್ರದ ಕಡೆಗೆ ಹುಟ್ಟು ಹಾಕುವವನು ಎಂದು ನಾನು ಮಕ್ಕಳಿಗೆ ಹೇಳಿದೆ. ಬರೆದು ಚಿತ್ರಿಸಿದವನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹುಟ್ಟಿದ ಹಾಲಿಂಗ್ ಕ್ಲಾನ್ಸಿ ಹಾಲಿಂಗ್. 1941ರಲ್ಲಿ ಪ್ರಕಟವಾದ ಈ ಪುಸ್ತಕಕ್ಕೆ ಮರುವರ್ಷ ಕ್ಯಾಲ್ಡಿಕಾಟ್ ಗೌರವ ಸಿಕ್ಕಿತು. ಕತೆ ಸರಳ. ಕೆನಡಾದಲ್ಲಿ, ಸುಪೀರಿಯರ್ ಸರೋವರದ ಉತ್ತರಕ್ಕಿರುವ ನಿಪಿಗನ್ ಸೀಮೆಯ ಒಬ್ಬ ಆದಿವಾಸಿ ಹುಡುಗ ಚಳಿಗಾಲದಲ್ಲಿ ಮನೆಯೊಳಗೆ ಕೂತು ಒಂದಡಿ ಉದ್ದದ ಮರದ ದೋಣಿ ಕೆತ್ತುತ್ತಾನೆ. ಅದರಲ್ಲೊಬ್ಬ ಪುಟ್ಟ ಅಂಬಿಗ ಕೂತಿದ್ದಾನೆ. ಹಿಮ ಕರಗಿದ ನೀರು ಹೊಳೆಗೆ, ಹೊಳೆಯಿಂದ ಸರೋವರಕ್ಕೆ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ ಎಂದು ಹುಡುಗ ಶಾಲೆಯಲ್ಲಿ ಕಲಿತಿದ್ದಾನೆ. ತಾನು ಹೋಗಲಾರದ ಆ ದಾರಿಯಲ್ಲಿ ತನ್ನ ದೋಣಿಯನ್ನು ಕಳಿಸುವುದು ಅವನ ಆಸೆ. ಸಿಕ್ಕವರು ತನ್ನನ್ನು ಮತ್ತೆ ನೀರಿಗೆ ಬಿಡಬೇಕೆಂದು ದೋಣಿಯೇ ಕೇಳಿಕೊಳ್ಳುವಂತೆ ಅದರ ತಳದಲ್ಲಿ ಕೊರೆದು, ಗುಡ್ಡದ ಹಿಮದ ಮೇಲೆ ಇಟ್ಟು ಬರುತ್ತಾನೆ. ದೋಣಿ ಐದು ಮಹಾ ಸರೋವರಗಳನ್ನು ಹಾದು, ನಯಾಗರಾ ಜಲಪಾತದಲ್ಲಿ ಧುಮುಕಿ, ಸೇಂಟ್ ಲಾರೆನ್ಸ್ ನದಿಯಲ್ಲಿ ತೇಲಿ, ನಾಲ್ಕು ವರ್ಷದ ಮೇಲೆ ಅಟ್ಲಾಂಟಿಕ್ ಸೇರುತ್ತದೆ.

ಪುಸ್ತಕದ ಕಟ್ಟಡವೂ ಅಷ್ಟೇ ಸರಳ: ಒಂದು ಕಡೆ ಇಡೀ ಪುಟದ ಜಲವರ್ಣ ಚಿತ್ರ, ಎದುರು ಪುಟದಲ್ಲಿ ಕತೆ, ಕತೆಯ ಅಂಚಿನಲ್ಲಿ ನಕ್ಷೆ ಮತ್ತು ಸಣ್ಣ ಸಣ್ಣ ರೇಖಾಚಿತ್ರಗಳು. ಗರಗಸದ ಮಿಲ್ಲು ಹೇಗೆ ಕೆಲಸ ಮಾಡುತ್ತದೆ, ಸರಕಿನ ಹಡಗಿನೊಳಗೆ ಏನೇನಿರುತ್ತದೆ ಎಂಬುದೆಲ್ಲ ಆ ಅಂಚಿನಲ್ಲಿದೆ. ಸುಪೀರಿಯರ್ ಸರೋವರ ತೋಳದ ತಲೆಯ ಹಾಗೆ, ಒಂಟೇರಿಯೊ ಗಜ್ಜರಿಯ ಹಾಗೆ ಕಾಣುತ್ತದೆ ಎಂದು ತೋರಿಸುವ ಚಿತ್ರಗಳಿಗೆ ನಮ್ಮ ಮಕ್ಕಳು ಬಿದ್ದು ಬಿದ್ದು ನಕ್ಕರು. ಭೂಗೋಳವನ್ನು ಪಾಠ ಎನ್ನಿಸದ ಹಾಗೆ ಕಲಿಸುವ ಉಪಾಯ ಅದು. ನಮ್ಮಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದಾಗ ಅವರ ಹಂಬಲವೂ ಇದೇ ಜಾತಿಯದು. ಕಾರಂತರು ಈ ಕತೆಯಲ್ಲಿ ಇನ್ನೊಮ್ಮೆ ಬರುತ್ತಾರೆ.

ಎರಡನೇ ದಿನ ಬೆಳಿಗ್ಗೆ ಸಭಾಂಗಣದ ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ತಾಲೂಕುಗಳ ನಕ್ಷೆ ಬರೆದೆವು. ನಿಮ್ಮ ನಿಮ್ಮ ಊರಿನ ಹಳ್ಳದಲ್ಲಿ ದೋಣಿ ಬಿಡಿ, ಎಲ್ಲಿಗೆ ಹೋಗುತ್ತದೋ ನೋಡೋಣ ಎಂದೆ. ಮಳಗಿ ಕಡೆಯ ಹುಡುಗಿ ಎಲ್ಲರಂತೆ ತನ್ನ ಗೆರೆಯನ್ನೂ ಪಶ್ಚಿಮಕ್ಕೆ ಎಳೆಯಲು ಹೊರಟಳು. ಅವಳ ಊರಿನ ನೀರು ಆ ಕಡೆ ಹೋಗುವುದೇ ಇಲ್ಲ. ಮುಂಡಗೋಡ ತಾಲೂಕಿನ ಮಳಗಿಯ ಬಳಿ ಜಲಾಶಯವಿರುವ ಧರ್ಮಾ ನದಿ ವರದೆಯನ್ನು ಸೇರುತ್ತದೆ. ವರದೆ ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು ಕೂಡುತ್ತದೆ. ಅವಳ ದೋಣಿ ಬಂಗಾಳ ಕೊಲ್ಲಿಗೆ ಹೋಗಬೇಕು. ಹೋಗುವ ದಾರಿಯಲ್ಲಿ ಹೊಸಪೇಟೆಯ ಅಣೆಕಟ್ಟು, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು ಎಲ್ಲ ಎದುರಾಗುತ್ತವೆ. ಅದೇ ತಾಲೂಕಿನ ಇನ್ನೊಂದು ಭಾಗದ ಹಳ್ಳಗಳು ಬೇಡ್ತಿಗೆ ಇಳಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆಯ ಕಡಲು ಸೇರುತ್ತವೆ. ಒಂದೇ ಶಿಬಿರದ ಮಕ್ಕಳ ದೋಣಿಗಳು ಎರಡು ಸಮುದ್ರಗಳ ಕಡೆಗೆ ಮುಖ ಮಾಡಿ ನಿಂತವು. ಮಳಗಿಯ ಹುಡುಗಿ ತನ್ನ ದೋಣಿಯೇ ಎಲ್ಲಕ್ಕಿಂತ ದೂರ ಹೋಗುವುದೆಂದು ಬೀಗಿದಳು.

ಮೊದಲು ಪ್ರಶ್ನೆ ಕೇಳಿದ ಹುಡುಗ ಜೋಯಿಡಾ ತಾಲೂಕಿನ ರಾಮನಗರದವನು. ಅವನ ಗೆರೆಗೆ ಅಡ್ಡಿ ಬೇಗನೆ ಬಂತು.

ಕಾಳಿ ಹುಟ್ಟುವುದು ಜೋಯಿಡಾದ ದಿಗ್ಗಿಯ ಕಾಡಿನಲ್ಲಿ. ಅಲ್ಲಿಂದ ಕಾರವಾರದ ಸದಾಶಿವಗಡದ ತನಕ ಅದರ ಉದ್ದ ಸುಮಾರು 184 ಕಿಲೋಮೀಟರ್. ಹಾಲಿಂಗನ ದೋಣಿಯ ದಾರಿಯ ಮುಂದೆ ಇದು ಓಣಿಯಿದ್ದ ಹಾಗೆ. ಹಿಂದೆ ಕಾಳಿಯೂ ಪಾಂಢರಿಯೂ ಕೂಡುವಲ್ಲಿ ಸೂಪಾ ಎಂಬ ಊರಿತ್ತು. ತಾಲೂಕಿಗೆ ಹೆಸರು ಕೊಟ್ಟ ಊರು ಅದು. ಕಚೇರಿ, ಪೇಟೆ, ದೇವಸ್ಥಾನ ಎಲ್ಲ ಇದ್ದ ತಾಲೂಕು ಕೇಂದ್ರ. 1970ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುತ್ ನಿಗಮ ಕಾಳಿ ಯೋಜನೆಯನ್ನು ಕೈಗೆತ್ತಿಕೊಂಡಿತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಎದ್ದು 1987ರಲ್ಲಿ ಮುಗಿಯಿತು. ಅದರ ಹಿಂದೆ ಸುಮಾರು 145 ಟಿಎಂಸಿ ನೀರು ನಿಲ್ಲುವ ಜಲಾಶಯವಾಯಿತು. ಸೂಪಾ ಊರು, ಸುತ್ತಲಿನ ಹಳ್ಳಿಗಳು, ಗದ್ದೆಗಳು ತಳ ಸೇರಿದವು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಜನರಲ್ಲಿ ಬಹಳ ಮಂದಿ ರಾಮನಗರಕ್ಕೆ ಬಂದರು. ಅಣೆಕಟ್ಟು ಮುಗಿದ 1987ರಲ್ಲೇ ಪಕ್ಕದ ಅಣಶಿ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಈಗ ಆ ಕಾಡಿಗೂ ದಾಂಡೇಲಿಯ ಅಭಯಾರಣ್ಯಕ್ಕೂ ಸೇರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ನದಿಯದೇ ಹೆಸರಿದೆ.

ಮಕ್ಕಳಿಗೆ ತಮ್ಮ ದೋಣಿಯ ಒಂದೊಂದು ನಿಲ್ದಾಣದ ಚಿತ್ರ ಬರೆಯಲು ಹೇಳಿದ್ದೆ. ರಾಮನಗರದ ಹುಡುಗ ಹಾಳೆಯ ಮೇಲಂಚಿನಲ್ಲಿ ಪುಟ್ಟ ದೋಣಿ ಬರೆದ. ಅದರ ಕೆಳಗೆ ಹಾಳೆ ಪೂರ್ತಿ ನೀಲಿ. ನೀಲಿಯ ತಳದಲ್ಲಿ ಹಂಚಿನ ಮನೆ, ಮುಂದೆ ತುಳಸಿಕಟ್ಟೆ, ಒಂದು ಎಮ್ಮೆ. ಯಾರ ಮನೆ ಎಂದು ಕೇಳಿದೆ. "ನಮ್ ಆಜೀದು" ಎಂದ. ಆಜಿಯ ಮನೆಯನ್ನು ಅವನು ನೋಡಿಲ್ಲ, ಅವನ ಅಪ್ಪನಿಗೂ ಸರಿಯಾಗಿ ನೆನಪಿಲ್ಲ. ಎಮ್ಮೆಯೂ ಮುಳುಗಿತೇ ಎಂದು ಯಾರೋ ಕೇಳಿದಾಗ, ಇಲ್ಲ, ಎಮ್ಮೆಯನ್ನು ಆಜಿ ಹೊಡೆದುಕೊಂಡು ಬಂದಳು, ಆದರೆ ಅದು ಎರಡು ಸಲ ತಪ್ಪಿಸಿಕೊಂಡು ಹಳೆಯ ಊರಿಗೇ ವಾಪಸ್ ಹೋಗಿತ್ತಂತೆ ಎಂದ.

ನನ್ನ ಪ್ರಬಂಧದ ಕರಡಿನಲ್ಲಿ ಈ ಸಂಗತಿಗೆ ಇದ್ದದ್ದು ಒಂದೇ ವಾಕ್ಯ: "ಜಲಾಶಯ ನಿರ್ಮಾಣವಾಗಿ ಸೂಪಾ ಮುಳುಗಡೆಯಾಯಿತು." ನಿರ್ಮಾಣವಾಯಿತು, ಮುಳುಗಡೆಯಾಯಿತು. ಮಳೆ ಬಂತು ಎಂದಷ್ಟೇ ಸಹಜವಾಗಿ ಬರೆದುಬಿಟ್ಟಿದ್ದೆ. ಯಾರು ಮುಳುಗಿಸಿದರು, ಯಾರು ಮುಳುಗಿದರು, ಯಾರು ಎಮ್ಮೆ ಹೊಡೆದುಕೊಂಡು ನಡೆದರು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವೇ ಇರಲಿಲ್ಲ. ಕಡತಗಳ ಕನ್ನಡ ಹಾಗಿರುತ್ತದೆ, ಓದಿ ಓದಿ ನನ್ನದೂ ಹಾಗೇ ಆಗಿತ್ತು. ಇನ್ನೊಂದು ಮಾತು ಆ ಮಧ್ಯಾಹ್ನ ನೆನಪಾಯಿತು. 1966ರಿಂದ ಮುಂಡಗೋಡ ತಾಲೂಕು ಟಿಬೆಟಿನಿಂದ ನೆಲೆ ತಪ್ಪಿ ಬಂದವರಿಗೆ ಊರು ಕಟ್ಟಿಕೊಟ್ಟಿತು. ಅದರ ನಂತರದ ಎರಡು ದಶಕಗಳಲ್ಲೇ ಅದೇ ಜಿಲ್ಲೆಯ ಜೋಯಿಡಾದ ಜನ ತಮ್ಮ ಸೀಮೆಯೊಳಗೇ ನೆಲೆ ತಪ್ಪಿದರು. ಇವೆರಡನ್ನೂ ನಾನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿದ್ದೆ. ಶಿಬಿರದಲ್ಲಿ ಆ ಎರಡೂ ತಾಲೂಕಿನ ಮಕ್ಕಳು ಒಂದೇ ಡಬ್ಬಿಯ ಬಣ್ಣ ಹಂಚಿಕೊಂಡು ಬರೆಯುತ್ತಿದ್ದರು.

ಸರಿ, ಯಾರೋ ಪುಣ್ಯಾತ್ಮರು ದೋಣಿಯನ್ನು ಎತ್ತಿ ಗೋಡೆ ದಾಟಿಸಿದರು ಎಂದುಕೊಳ್ಳೋಣ. ಗಣೇಶಗುಡಿಯ ಕೆಳಗೆ ಬಂಡೆಗಳ ನಡುವೆ ಕಾಳಿ ನೊರೆಯೆಬ್ಬಿಸಿ ಓಡುತ್ತದೆ. ಪ್ರವಾಸಿಗರು ರಬ್ಬರ್ ರಾಫ್ಟಿನಲ್ಲಿ ಕಿರುಚುತ್ತ ಹೋಗುವುದು ಇಲ್ಲೇ. ಆ ಓಟವೂ ಅಣೆಕಟ್ಟಿನಿಂದ ನೀರು ಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಮುಂದೆ ದಾಂಡೇಲಿ.

ಹಾಲಿಂಗನ ಪುಸ್ತಕದಲ್ಲಿ ನನ್ನ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದ ಪುಟವೆಂದರೆ ಗರಗಸದ ಮಿಲ್ಲಿನದು. ಮರದ ದಿಮ್ಮಿಗಳ ನಡುವೆ ಸಿಕ್ಕಿಕೊಂಡ ದೋಣಿ ಗರಗಸದ ಬಾಯಿಗೆ ಹೋಗುವುದರಲ್ಲಿರುತ್ತದೆ, ಅಷ್ಟರಲ್ಲಿ ಕೆಲಸಗಾರನೊಬ್ಬನ ಕಣ್ಣಿಗೆ ಬಿದ್ದು ಉಳಿಯುತ್ತದೆ. ದಾಂಡೇಲಿಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಲಿಲ್ಲ. ಮರದ ಡಿಪೋ ಏನೆಂದು ಅವರಿಗೆ ಗೊತ್ತು. ಈ ಕಾಡಿನ ಸಾಗುವಾನಿಯ ಮೇಲೆ ಸರ್ಕಾರಗಳ ಕಣ್ಣು ಬಿದ್ದು ಎರಡು ಶತಮಾನ ದಾಟಿದೆ. ಹಡಗು ಕಟ್ಟುವ ಮರಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಮಲಬಾರ್ ಮತ್ತು ಕೆನರಾ ಕಾಡುಗಳಿಗೆ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತ್ತು. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆ ಮೇಲೆ ಮರ ಸಾಗಿಸಲು ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಬಂತು. ಸ್ವಾತಂತ್ರ್ಯದ ನಂತರ, 1955ರಲ್ಲಿ, ಬಿದಿರನ್ನು ನೆಚ್ಚಿಕೊಂಡು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಹಾಲಿಂಗನ ದೋಣಿ ಮರದ ತುಂಡು, ಹಾಗಾಗಿ ಗರಗಸಕ್ಕೆ ಹೆದರಬೇಕು. ಅದರ ಕತೆ ಅಚ್ಚಾಗುವ ಕಾಗದವೂ ಕಾಡಿನಿಂದಲೇ ಬರಬೇಕು. ಮಕ್ಕಳ ಪುಸ್ತಕ ಹಿಡಿದು ನದಿಯ ಬಗ್ಗೆ ಮಾತಾಡುವ ನಾನು ಈ ಲೆಕ್ಕದಿಂದ ಹೊರಗಿಲ್ಲ.

ದಾಂಡೇಲಿ ದಾಟಿದರೆ ಬೊಮ್ಮನಹಳ್ಳಿ ಜಲಾಶಯ. ಹಳಿಯಾಳ ತಾಲೂಕಿನ ತಟ್ಟಿಹಳ್ಳದ ನೀರನ್ನೂ ಕಟ್ಟಿ ಇದಕ್ಕೇ ತಿರುಗಿಸಿದ್ದಾರೆ, ಹಾಗಾಗಿ ಹಳಿಯಾಳದ ಮಕ್ಕಳ ದೋಣಿಗಳೂ ಇಲ್ಲಿಗೇ ಬಂದು ಸೇರಬೇಕು. ಇಲ್ಲಿಂದ ನೀರು ಸುರಂಗದಲ್ಲಿ ನಾಗಝರಿಯ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಸುರಂಗ ಹೊಕ್ಕ ದೋಣಿಯ ಗತಿ ಏನು ಎಂದು ನಾನು ಗಂಭೀರವಾಗಿ ಕೇಳಿದೆ. ಹಳಿಯಾಳದ ಒಬ್ಬ ಪೋರ ಥಟ್ಟನೆ ಹೇಳಿದ: "ದೋಣಿ ಬರ್ಲಿಲ್ಲಂದ್ರೂ ಕರೆಂಟ್ ಆಗಿ ಮನೀಗೆ ಬರ್ತೈತಲ್ರೀ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನ ಮಾತಿನಲ್ಲಿ ಸುಳ್ಳಿಲ್ಲ. ಕಾಳಿ ರಾಜ್ಯದ ಮನೆಗಳಿಗೆ, ಪಂಪ್‌ಸೆಟ್ಟುಗಳಿಗೆ, ಕಾರ್ಖಾನೆಗಳಿಗೆ ಬೆಳಕು ಕೊಟ್ಟ ನದಿ. ನಾನು ರಾತ್ರಿ ಕೂತು ಪ್ರಬಂಧ ಬರೆಯುವ ದೀಪದಲ್ಲಿ ಅದರದೂ ಪಾಲಿರಬಹುದು. ಅಣೆಕಟ್ಟನ್ನು ಖಳನೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಬೆಳಕನ್ನೂ ಮುಳುಗಿದ ಮನೆಯನ್ನೂ ಒಂದೇ ಪುಟದಲ್ಲಿ ಇಡುವುದು ಕಷ್ಟ. ಆ ಇಬ್ಬರು ಹುಡುಗರು ಮಾತ್ರ ಅಕ್ಕಪಕ್ಕದಲ್ಲೇ ಕೂತಿದ್ದರು.

ನಾಗಝರಿಯ ಕೆಳಗೆ ಕೊಡಸಳ್ಳಿ, ಅದರ ಕೆಳಗೆ ಕದ್ರಾ. ಎರಡೂ 1990ರ ದಶಕದ ಕೊನೆಯ ಹೊತ್ತಿಗೆ ಮುಗಿದ ಅಣೆಕಟ್ಟುಗಳು. ಕದ್ರಾ ಜಲಾಶಯದ ದಂಡೆಯಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ಇಲ್ಲಿ ಮತ್ತೆ ಕಾರಂತರು ಸಿಗುತ್ತಾರೆ. ಮಕ್ಕಳಿಗೆ ಜಗತ್ತನ್ನು ಚಿತ್ರಸಮೇತ ಪರಿಚಯಿಸಿದ ಆ ಲೇಖಕರು ಎಂಬತ್ತೇಳನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಕೈಗಾ ವಿರೋಧವನ್ನೇ ಮುಂದಿಟ್ಟು ಈ ಕ್ಷೇತ್ರದಿಂದ ನಿಂತು ಸೋತರು. ಪಕ್ಕದ ಬೇಡ್ತಿಯ ಕತೆ ಬೇರೆಯಾಯಿತು. ಅಲ್ಲಿನ ಜಲವಿದ್ಯುತ್ ಯೋಜನೆಗೆ 1980ರ ದಶಕದ ಆರಂಭದಲ್ಲಿ ಅಡಿಕೆ ಬೆಳೆಗಾರರು, ವಿಜ್ಞಾನಿಗಳು ಒಟ್ಟಾಗಿ ಲೆಕ್ಕ ಹಾಕಿ ವಿರೋಧ ಒಡ್ಡಿದರು, ಯೋಜನೆ ನಿಂತಿತು. ಬೇಡ್ತಿಯವರಿಗೆ ಸಂಘವಿತ್ತು, ಸಭೆ ಕರೆಯುವ ಬಲವಿತ್ತು, ಬರೆಯುವವರಿದ್ದರು. ಕಾಳಿಯ ಮೇಲ್ಗಣಿವೆಯ ಕುಣಬಿಗಳಿಗೆ, ಗೌಳಿಗಳಿಗೆ ಅವು ಅಷ್ಟಾಗಿ ಇರಲಿಲ್ಲ. ಯಾವ ನದಿಯಲ್ಲಿ ಎಷ್ಟು ಗೋಡೆಗಳು ಏಳುತ್ತವೆ ಎಂಬುದನ್ನು ಭೂಗೋಳವೊಂದೇ ತೀರ್ಮಾನಿಸುವುದಿಲ್ಲ.

ಕದ್ರಾದ ಕೆಳಗೆ ದೋಣಿಗೆ ಕೊನೆಗೂ ನೆಮ್ಮದಿ. ದೋಣಿಗಳು ನಿಜವಾಗಿ ಓಡಾಡಿದ ಕಾಳಿ ಇದು. 1883ರಲ್ಲಿ ಬಂದ ಮುಂಬೈ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟದ ಕಾಲಕ್ಕೆ ಸಮುದ್ರದಿಂದ ಕದ್ರಾದ ತನಕ ದೋಣಿ ಸಂಚಾರವಿತ್ತು. ಮೇಲಿನ ಕಾಳಿ ಬಂಡೆ, ಜಲಪಾತಗಳ ನದಿ. ಯಲ್ಲಾಪುರ ಸೀಮೆಯ ಲಾಲಗುಳಿಯಲ್ಲಿ ಅದು ಧುಮುಕುವುದನ್ನು ಆಗಿನವರು ದೊಡ್ಡ ನೋಟವೆಂದು ಎಣಿಸಿದ್ದರು. ಅಂದರೆ ಅಣೆಕಟ್ಟುಗಳಿಗೂ ಮುಂಚೆ ಕಾಳಿ ಆದಿಯಿಂದ ಅಂತ್ಯದ ತನಕ ಮನುಷ್ಯರ ದೋಣಿಗೆ ದಾರಿಯಾಗಿರಲಿಲ್ಲ. ಹಾಲಿಂಗನ ಆಟಿಕೆಯಂಥ ದೋಣಿ ಮಾತ್ರ ನಯಾಗರಾದಲ್ಲಿ ಬಿದ್ದು ಎದ್ದಂತೆ ಲಾಲಗುಳಿಯಲ್ಲೂ ಬಿದ್ದು ಎದ್ದು ಮುಂದೆ ಹೋಗಬಹುದಿತ್ತು.

ಗೆಜೆಟಿಯರು ಬಂದ ಹೊತ್ತಿನಲ್ಲೇ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರರು. ಅಣ್ಣನ ಮನೆಗೆ ಬಂದಿದ್ದ ಇಪ್ಪತ್ತೆರಡರ ರವೀಂದ್ರನಾಥರು ಒಂದು ಸಂಜೆ ಸಣ್ಣ ದೋಣಿಯಲ್ಲಿ ಕಾಳಿಯನ್ನು ಏರಿ ಹೋಗಿದ್ದರು. ಹಳೆಯ ಕೋಟೆಯೊಂದರ ಬಳಿ ಇಳಿದು, ರಾತ್ರಿ ನೀರಿನ ಓಟದೊಂದಿಗೆ ಅಳಿವೆಗೆ ಮರಳಿ, ಬೆಳುದಿಂಗಳಲ್ಲಿ ಮರಳ ಮೇಲೆ ಮನೆಗೆ ನಡೆದದ್ದನ್ನು ಅವರು ಆತ್ಮಕಥನದಲ್ಲಿ ನೆನೆದಿದ್ದಾರೆ. ಕಾಳಿಯ ಮೇಲಿನ ಪ್ರಸಿದ್ಧ ದೋಣಿಯಾನ ಅದು. ಆ ದೋಣಿಗೆ ಹುಟ್ಟು ಹಾಕಿದ ಅಂಬಿಗನ ಹೆಸರು ನಮಗೆ ತಿಳಿಯದು.

ಇಲ್ಲಿಗೆ ಬಂದಾಗ ಹಾಲಿಂಗನ ಪುಸ್ತಕದ ಬಗ್ಗೆಯೂ ಒಂದು ತಕರಾರು ಎತ್ತಬೇಕು. ದೋಣಿ ಕೆತ್ತಿದ ಹುಡುಗನಿಗೆ ಅವನು ಹೆಸರಿಟ್ಟಿಲ್ಲ. ಹುಡುಗ ಮೊದಲ ಪುಟಗಳಲ್ಲಿದ್ದಾನೆ, ಕೊನೆಯಲ್ಲಿ ತನ್ನ ದೋಣಿ ಕಡಲು ಕಂಡ ಸುದ್ದಿ ಅವನ ಕಿವಿಗೂ ಬೀಳುತ್ತದೆ. ನಡುವಿನ ನೀರು ನೆಲಗಳೆಲ್ಲ ಅವನ ಜನರದೇ ಆಗಿದ್ದವು, ಅವು ಕೈತಪ್ಪಿದ್ದು ಹೇಗೆ ಎಂಬುದು ಪುಸ್ತಕದ ಅಂಚಿನಲ್ಲೂ ಇಲ್ಲ. ಗರಗಸದ ಮಿಲ್ಲಿಗೆ ವಿವರವಿದೆ, ಹಡಗಿಗೆ ವಿವರವಿದೆ, ಹುಡುಗನಿಗಿಲ್ಲ. ಗೆಜೆಟಿಯರನ್ನು ಓದುವಾಗ ಆಗುವ ಅನುಭವ ಇದೇ.

ಆದರೂ ಆ ಪುಸ್ತಕ ನನಗೆ ಕೊಟ್ಟದ್ದು ದೊಡ್ಡದು. ಒಂಟಿ ದೋಣಿಯ ಪಯಣ ಎಂದು ನಾವು ಕರೆಯುವ ಆ ಕತೆಯಲ್ಲಿ ದೋಣಿ ಒಂಟಿಯಾಗಿ ದೂರ ಹೋಗುವುದೇ ಇಲ್ಲ. ಅದನ್ನು ಕೆತ್ತಿದ ಹುಡುಗ, ಗರಗಸದಿಂದ ಉಳಿಸಿದ ಕೂಲಿಯವನು, ಮಧ್ಯೆ ಸಿಕ್ಕ ಮೀನುಗಾರರು, ಹಡಗಿನವರು, ಹೀಗೆ ಗುರುತಿಲ್ಲದವರ ಕೈಗಳು ಅದನ್ನು ಮತ್ತೆ ಮತ್ತೆ ನೀರಿಗೆ ಮುಟ್ಟಿಸುತ್ತವೆ. ಆ ನೀರಿನಲ್ಲೂ ಎಂಜಿನಿಯರುಗಳು ಕೈಯಾಡಿಸಿದ್ದಾರೆ, ಆದರೆ ಸೂ ಸೇಂಟ್ ಮೇರಿಯಲ್ಲಿ 1855ರಷ್ಟು ಹಿಂದೆಯೇ ಹಡಗುಗಳು ಹತ್ತಿಳಿಯಲು ಲಾಕ್ ಕಟ್ಟಿದ್ದರು. ನಮ್ಮ ಕಾಳಿಯ ಗೋಡೆಗಳಲ್ಲಿ ದೋಣಿಗೆ ಬಾಗಿಲಿಲ್ಲ. ಕಾಳಿಯಲ್ಲಿ ಕೈಗಳೇ ಬೇಕು.

ಕೈಗಳು ಇಲ್ಲದೆ ಇಲ್ಲ. 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಹೊತ್ತಿಗೆ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ ಕಾಳಿಗೆ ಕುಸಿದುಬಿತ್ತು. ಅದರೊಂದಿಗೆ ಒಂದು ಲಾರಿಯೂ ಬಿತ್ತು. ಮಳೆಗಾಲದ ಕತ್ತಲಲ್ಲಿ ಲಾರಿಯ ಮೇಲೇರಿ ನಿಂತಿದ್ದ ಚಾಲಕನನ್ನು ಬದುಕಿಸಿ ದಡಕ್ಕೆ ತಂದವರಲ್ಲಿ ಸ್ಥಳೀಯ ಮೀನುಗಾರರಿದ್ದರು. ಇದನ್ನು ಹೇಳಿದಾಗ ಮಕ್ಕಳು ಹಾಲಿಂಗನ ಪುಸ್ತಕದ ಪುಟವೇ ಎಂಬಂತೆ ಕೇಳಿದರು.

ಮೂರನೇ ದಿನ ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಒಂದು ದೋಣಿ ಮಾಡಿದೆವು. ತಳದಲ್ಲಿ ಏನು ಬರೆಯಬೇಕು ಎಂಬುದಕ್ಕೆ ಅರ್ಧ ಗಂಟೆ ಜಗಳವಾಯಿತು. ಬರೀ ನೀರಿಗೆ ಬಿಡಿ ಎಂದರೆ ಸಾಲದು, ಗೋಡೆ ದಾಟಿಸಿ ಆಚೆಯ ನೀರಿಗೆ ಬಿಡಿ ಎಂದು ಬರೆಯಬೇಕು ಎಂದಳು ಮಳಗಿಯ ಹುಡುಗಿ. ದಾಟಿಸಿದವರು ತಮ್ಮ ಹೆಸರನ್ನೂ ಬರೆಯಬೇಕು ಎಂದ ಹಳಿಯಾಳದ ಪೋರ. ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆದೆವು. ಹೆಸರುಗಳಿಗೆಂದು ಜಾಗ ಖಾಲಿ ಬಿಟ್ಟೆವು. ಆ ದೋಣಿ ಈಗ ರಾಮನಗರದ ಹುಡುಗನ ಮನೆಯಲ್ಲಿದೆ, ಮಳೆ ಹಿಡಿದ ಮೇಲೆ ಬಿಡುತ್ತಾನಂತೆ. ಕಾರವಾರ ಮುಟ್ಟೀತೇ ಎಂದು ಈಗ ಕೇಳಿದರೆ ನನ್ನ ಉತ್ತರ ಇಷ್ಟು: ತಾನಾಗಿ ಮುಟ್ಟುವುದಿಲ್ಲ, ನಾಲ್ಕು ಕಡೆ ಯಾರಾದರೂ ಎತ್ತಿ ದಾಟಿಸಬೇಕು.

ಧಾರವಾಡಕ್ಕೆ ಮರಳಿ ಆ ಒಂದು ವಾಕ್ಯವನ್ನು ಹೊಡೆದುಹಾಕಿದೆ. ಮುಂದಿನ ವಾರ ರಾಮನಗರದ ಬಸ್ಸು ಹತ್ತಿ ಹುಡುಗನ ಆಜಿಯ ಎದುರು ಕೂತೆ. ಜಲಾಶಯದ ಬಗ್ಗೆ ಕೇಳಬೇಕೆಂದು ಪ್ರಶ್ನೆಗಳ ಪಟ್ಟಿ ಒಯ್ದಿದ್ದೆ. ಆಜಿ ಮೊದಲು ಎಮ್ಮೆಯಿಂದ ಶುರು ಮಾಡಿದರು. ಅಧ್ಯಾಯವೂ ಈಗ ಅಲ್ಲಿಂದಲೇ ಶುರುವಾಗುತ್ತದೆ.